ಮತಗಳ ಲೆಕ್ಕ ಕಲಿಸಿದ ಮೈಕಲ್ ಸ್ಟೀಡ್

ಬಿ.ಎ. ಕೊನೆಯ ವರ್ಷದಲ್ಲಿ ನಮಗೆ ತೌಲನಿಕ ರಾಜಕೀಯ ಪಾಠ ಮಾಡುತ್ತಿದ್ದ ಮೇಷ್ಟ್ರು ಬ್ರಿಟನ್ನಿನ ಚುನಾವಣೆಗಳ ವಿಷಯಕ್ಕೆ ಬಂದಾಗ ಅಲ್ಲಿನ ಪ್ರಧಾನಿಗಳ ಹೆಸರು ಹೇಳಲಿಲ್ಲ. ಆಕ್ಸ್‌ಫರ್ಡಿನ ನಫೀಲ್ಡ್ ಕಾಲೇಜಿನ ಚುನಾವಣಾ ಅಧ್ಯಯನ ಮಾಲೆಯ ಒಂದು ಸಂಪುಟವನ್ನು ತಂದು, ಅದರ ಕೊನೆಯಲ್ಲಿದ್ದ ಅಂಕಿಅಂಶಗಳ ಅನುಬಂಧವನ್ನು ತೆರೆದು, ಇದನ್ನು ಬರೆದ ಮೈಕಲ್ ಸ್ಟೀಡ್ ಅವರನ್ನು ಮೊದಲು ತಿಳಿದುಕೊಳ್ಳಿ ಎಂದರು. ನಮ್ಮ ಕಾಲೇಜಿನಲ್ಲಿ ನಾನು ಕಲಿತದ್ದರಲ್ಲಿ ಇಂದಿಗೂ ದಿನಬಳಕೆಗೆ ಬರುತ್ತಿರುವುದು ಆ ಕೆಲವು ತರಗತಿಗಳ ಪಾಠವೇ ಆದ್ದರಿಂದ, ಸಂಚಿಕೆಯ ಸಂಪಾದಕರು ನೆನಪುಗಳನ್ನು ಕೇಳಿದಾಗ ಬೇರೆ ವಿಷಯ ಹುಡುಕುವ ಅಗತ್ಯ ಬೀಳಲಿಲ್ಲ.

1940ರಲ್ಲಿ ಹುಟ್ಟಿದ ಸ್ಟೀಡ್, ಕೇಂಬ್ರಿಡ್ಜಿನಲ್ಲೂ ಅನಂತರ ನಫೀಲ್ಡ್ ಕಾಲೇಜಿನಲ್ಲೂ ಓದಿ, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಅಧ್ಯಾಪಕರಾದರು. ನಫೀಲ್ಡ್ ಮಾಲೆಯಲ್ಲಿ 1964ರ ಚುನಾವಣೆಯಿಂದ 2005ರ ಚುನಾವಣೆಯವರೆಗೆ ಫಲಿತಾಂಶಗಳ ವಿಶ್ಲೇಷಣೆಯಲ್ಲಿ ಅವರ ಕೈ ಇತ್ತು. 1979ರಿಂದ ಜಾನ್ ಕರ್ಟಿಸ್ ಎಂಬ ರಾಜ್ಯಶಾಸ್ತ್ರಜ್ಞರೂ ಈ ಕೆಲಸದಲ್ಲಿ ಸ್ಟೀಡ್ ಅವರ ಜೊತೆಗೂಡಿದರು. ಇದರ ಜೊತೆಜೊತೆಗೇ ಸ್ಟೀಡ್ ಲಿಬರಲ್ ಪಕ್ಷದ ಸಕ್ರಿಯ ಕಾರ್ಯಕರ್ತರಾಗಿದ್ದರು, ಹಲವು ಬಾರಿ ಅಭ್ಯರ್ಥಿಯಾಗಿ ಸೋತರು, 1978-79ರಲ್ಲಿ ಪಕ್ಷದ ಅಧ್ಯಕ್ಷರೂ ಆದರು. ಮ್ಯಾಂಚೆಸ್ಟರ್ ಎಕ್ಸ್‌ಚೇಂಜ್ ಎಂಬ ಲೇಬರ್ ಪಕ್ಷದ ಭದ್ರಕೋಟೆಯಲ್ಲಿ 1973ರಲ್ಲಿ ನಡೆದ ಉಪಚುನಾವಣೆಯಲ್ಲಿ ಅವರು ಎರಡನೆಯ ಸ್ಥಾನ ಪಡೆದದ್ದು ಸಣ್ಣ ಮಾತಲ್ಲ.

ಮೇಷ್ಟ್ರು ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದ ಲೆಕ್ಕ ಹೀಗಿತ್ತು. ಒಂದು ಕ್ಷೇತ್ರದಲ್ಲಿ ಮೊದಲ ಪಕ್ಷಕ್ಕೆ ಶೇ. 48, ಎರಡನೆಯದಕ್ಕೆ ಶೇ. 32, ಮೂರನೆಯದಕ್ಕೆ ಶೇ. 20 ಮತ ಬಂದಿದೆ ಎನ್ನೋಣ. ಮುಂದಿನ ಚುನಾವಣೆಯಲ್ಲಿ ಅದು 36, 36, 28 ಆಯಿತು. ಚುನಾವಣಾ ವಿಶ್ಲೇಷಕ ಡೇವಿಡ್ ಬಟ್ಲರ್ ಅವರ ವಿಧಾನದಲ್ಲಿ ಮೊದಲ ಪಕ್ಷದ ನಷ್ಟ 12 ಮತ್ತು ಎರಡನೆಯದರ ಲಾಭ 4 ಸೇರಿಸಿ ಅರ್ಧ ಮಾಡಿದರೆ ಸ್ವಿಂಗ್, ಅಂದರೆ ಒಂದು ಪಕ್ಷದಿಂದ ಇನ್ನೊಂದರ ಕಡೆಗೆ ಮತಗಳು ವಾಲಿದ ಪ್ರಮಾಣ, ಶೇ. 8. ಸ್ಟೀಡ್ ಅವರ ವಿಧಾನದಲ್ಲಾದರೋ ಮೂರನೆಯ ಪಕ್ಷವನ್ನು ಪಕ್ಕಕ್ಕಿಟ್ಟು, ಮೊದಲ ಎರಡು ಪಕ್ಷಗಳ ಮತಗಳನ್ನಷ್ಟೇ ನೂರೆಂದು ಹಿಡಿಯಬೇಕು; ಆಗ ಮೊದಲ ಪಕ್ಷ 60ರಿಂದ 50ಕ್ಕೆ ಇಳಿದಿದೆ, ಸ್ವಿಂಗ್ ಶೇ. 10. ಅವೇ ಮತಗಳಿಂದ ಎರಡು ಉತ್ತರ ಬಂದದ್ದನ್ನು ಕಂಡು ನಾವು ಯಾವುದು ಸರಿ ಎಂದು ಕೇಳಿದಾಗ ಮೇಷ್ಟ್ರು, ನೀವು ಕೇಳುತ್ತಿರುವ ಪ್ರಶ್ನೆ ಯಾವುದು ಎಂಬುದನ್ನು ಮೊದಲು ಬರೆಯಿರಿ ಎಂದರು. ಮೂರನೆಯ ಪಕ್ಷ ಬಲವಾಗುತ್ತಿರುವ ಕಾಲದಲ್ಲಿ, ದೊಡ್ಡ ಪಕ್ಷಗಳೆರಡರ ನಡುವಿನ ಪೈಪೋಟಿಯನ್ನಷ್ಟೇ ಅಳೆಯುವುದಕ್ಕೆ ಸ್ಟೀಡ್ ವಿಧಾನ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಬ್ರಿಟನ್ನಿನಲ್ಲಿ ಆ ಮೂರನೆಯ ಪಕ್ಷ ಸ್ವತಃ ಸ್ಟೀಡ್ ಅವರದೇ ಆಗಿತ್ತು ಎಂಬುದನ್ನು ಮರೆಯಬಾರದು. 1974ರ ಫೆಬ್ರವರಿ ಚುನಾವಣೆಯಲ್ಲಿ ಲಿಬರಲ್ ಪಕ್ಷ ಶೇ. 19.3 ಮತ ಪಡೆದೂ 635 ಸ್ಥಾನಗಳಲ್ಲಿ ಗೆದ್ದದ್ದು 14 ಮಾತ್ರ. 1983ರಲ್ಲಿ ಲಿಬರಲ್ ಮತ್ತು ಸೋಷಿಯಲ್ ಡೆಮಾಕ್ರಟಿಕ್ ಪಕ್ಷಗಳ ಮೈತ್ರಿಕೂಟ ಶೇ. 25.4 ಮತಗಳಿಗೆ 23 ಸ್ಥಾನ ಪಡೆದರೆ, ಶೇ. 27.6 ಮತ ಪಡೆದ ಲೇಬರ್ ಪಕ್ಷಕ್ಕೆ 209 ಸ್ಥಾನಗಳು ಸಿಕ್ಕವು. ಇಂಥ ಪದ್ಧತಿಯಲ್ಲಿ ತನ್ನ ಪಕ್ಷ ಬಡವಾಗುತ್ತಿರುವುದನ್ನು ಕಣ್ಣಾರೆ ಕಾಣುತ್ತಲೇ ಎದುರಾಳಿಗಳೂ ನೆಚ್ಚಿಕೊಳ್ಳುವಂಥ ಕೋಷ್ಟಕಗಳನ್ನು ದಶಕಗಳ ಕಾಲ ಸಿದ್ಧಪಡಿಸಿದ ಅವರ ನಿಷ್ಠೆ ನನ್ನ ಮಟ್ಟಿಗೆ ಅವರ ಸಿದ್ಧಾಂತಗಳಿಗಿಂತಲೂ ದೊಡ್ಡದು.

1982ರಲ್ಲಿ ಕರ್ಟಿಸ್ ಮತ್ತು ಸ್ಟೀಡ್ ಪ್ರಕಟಿಸಿದ ಲೇಖನವೊಂದು ಘನ ನಿಯಮ ಎಂಬ ಹಳೆಯ ನಂಬಿಕೆಯನ್ನು ಅಲುಗಾಡಿಸಿತು. ಎರಡು ಪಕ್ಷಗಳ ಮತಗಳು 52:48 ಇದ್ದರೆ ಸ್ಥಾನಗಳು ಆ ಸಂಖ್ಯೆಗಳ ಘನಗಳ ಅನುಪಾತದಲ್ಲಿ, ಅಂದರೆ ಸುಮಾರು 56:44ರಂತೆ ಹಂಚಿಹೋಗುತ್ತವೆ ಎಂದು ಆ ನಿಯಮ ಹೇಳುತ್ತಿತ್ತು. ಗೆದ್ದವರಿಗೆ ಹೀಗೆ ಹೆಚ್ಚುವರಿ ಸ್ಥಾನಗಳು ದಕ್ಕುವುದರಿಂದ ಸ್ಥಿರ ಸರ್ಕಾರ ಬರುತ್ತದೆ ಎಂಬ ವಾದಕ್ಕೆ ಅದೇ ಆಧಾರ. ಆದರೆ 1950ರ ದಶಕದಿಂದೀಚೆಗೆ ಉತ್ತರದ ಭಾಗಗಳೂ ನಗರಗಳೂ ಲೇಬರ್ ಕಡೆಗೆ, ದಕ್ಷಿಣವೂ ಗ್ರಾಮೀಣ ಪ್ರದೇಶಗಳೂ ಕನ್ಸರ್ವೇಟಿವ್ ಕಡೆಗೆ ವಾಲುತ್ತ ಹೋದದ್ದರಿಂದ, ಹಣಾಹಣಿ ಪೈಪೋಟಿಯ ಕ್ಷೇತ್ರಗಳು ಕಡಿಮೆಯಾಗಿವೆ ಎಂದು ಅವರು ತೋರಿಸಿದರು. ಅಂಥ ಕ್ಷೇತ್ರಗಳು ಕಡಿಮೆಯಾದಷ್ಟೂ ಅದೇ ಸ್ವಿಂಗ್‌ಗೆ ಕೈ ಬದಲಾಯಿಸುವ ಸ್ಥಾನಗಳು ಕಡಿಮೆ. ಅತಂತ್ರ ಸಂಸತ್ತಿನ ಸಾಧ್ಯತೆ ಹೆಚ್ಚು. 2010ರಲ್ಲಿ ಯಾರಿಗೂ ಬಹುಮತ ಬಾರದೆ, ಸ್ಟೀಡ್ ಅವರ ಪಕ್ಷದ ಉತ್ತರಾಧಿಕಾರಿಯಾದ ಲಿಬರಲ್ ಡೆಮಾಕ್ರಟ್ ಪಕ್ಷ ಸರ್ಕಾರದಲ್ಲಿ ಪಾಲುದಾರನಾದಾಗ ನನಗೆ ಥಟ್ಟನೆ ನೆನಪಾದದ್ದು ಈ ಲೇಖನ.

ಇಷ್ಟೆಲ್ಲ ಮಾಡಿದ ಸ್ಟೀಡ್ ಸಂಸತ್ತಿಗೆ ಎಂದೂ ಆಯ್ಕೆಯಾಗಲಿಲ್ಲ. ಬಾಳಿನ ಉತ್ತರಾರ್ಧದಲ್ಲಿ ಅವರು ಕೆಂಟ್ ಪ್ರಾಂತ್ಯದ ಕ್ಯಾಂಟರ್ಬರಿ ನಗರಸಭೆಯ ಸದಸ್ಯರಾದರು. ಅಲ್ಲಿನ ಶಾಲೆಗಳೂ ಮುಖ್ಯ ರಸ್ತೆಗಳೂ ಕೆಂಟ್ ಕೌಂಟಿ ಪರಿಷತ್ತಿನ ಹೊಣೆ; ಕಸ ಸಂಗ್ರಹಣೆ, ಕಟ್ಟಡ ನಿರ್ಮಾಣದ ಪರವಾನಗಿ, ವಸತಿ ಮುಂತಾದವು ನಗರಸಭೆಯ ಪಾಲಿಗೆ ಬರುತ್ತವೆ. ಇಡೀ ದೇಶದ ಮತಗಳನ್ನು ಅಳೆದವರು ಒಂದು ವಾರ್ಡಿನ ಕಸದ ದೂರಿಗೆ ಉತ್ತರಿಸುವ ಸ್ಥಾನವನ್ನು ಒಪ್ಪಿಕೊಂಡದ್ದನ್ನು ಇಳಿಕೆ ಎಂದು ನಾನು ಭಾವಿಸುವುದಿಲ್ಲ. 1970ರಲ್ಲಿ ಈಸ್ಟ್‌ಬರ್ನ್‌ನಲ್ಲಿ ಸೇರಿದ್ದ ಅಧಿವೇಶನದಲ್ಲಿ ಲಿಬರಲ್ ಪಕ್ಷ, ಬೀದಿ ಮತ್ತು ಬಡಾವಣೆಯ ಮಟ್ಟದಿಂದಲೇ ಜನರ ರಾಜಕೀಯವನ್ನು ಕಟ್ಟಬೇಕೆಂದು ನಿರ್ಣಯಿಸಿತ್ತು. ನಗರಸಭೆಯ ಕೆಲಸ ಆ ನಿರ್ಣಯಕ್ಕೆ ನೇರವಾಗಿ ಹೊಂದುವಂಥದು.

ಕ್ಯಾಂಟರ್ಬರಿಯಲ್ಲಿ ಅವರು ಗೆದ್ದದ್ದು ಮಾತ್ರ, ಬದಲಾಗಬೇಕೆಂದು ತಾವೇ ವಾದಿಸುತ್ತಿದ್ದ, ಹೆಚ್ಚು ಮತ ಪಡೆದವರೇ ಗೆದ್ದರೆಂಬ ಪದ್ಧತಿಯಲ್ಲೇ. ಸ್ಕಾಟ್ಲೆಂಡಿನ ಸ್ಥಳೀಯ ಸಂಸ್ಥೆಗಳು 2007ರಲ್ಲಿ, ಅಭ್ಯರ್ಥಿಗಳನ್ನು ಇಷ್ಟದ ಕ್ರಮದಲ್ಲಿ 1, 2, 3 ಎಂದು ಗುರುತಿಸುವ ಪ್ರಾಶಸ್ತ್ಯ ಮತದ ಪದ್ಧತಿಗೆ ಬದಲಾದವು. ಇಂಗ್ಲೆಂಡಿನ ನಗರಸಭೆಗಳಿಗೆ ಆ ಬದಲಾವಣೆ ಸ್ಟೀಡ್ 2023ರಲ್ಲಿ ತೀರಿಕೊಳ್ಳುವವರೆಗೂ ಬರಲಿಲ್ಲ.