ಶೇಕ್ ಆದ ಫೋಟೋ ಗೋಡೆ ಮೇಲೆ ಯಾಕೆ?

ಮದುವೆ ಆರ್ಡರ್ ಮಾತಾಡಲು ನನ್ನ ಸ್ಟುಡಿಯೋಗೆ ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುತ್ತಾರೆ: "ಸಾರ್, ಆ ಫೋಟೋ ಶೇಕ್ ಆಗಿದೆಯಲ್ಲ, ಅಷ್ಟು ದೊಡ್ಡದಾಗಿ ಯಾಕೆ ಹಾಕಿದ್ದೀರಿ?" ಕ್ಯಾಮೆರಾ ಕಲಿಯಲು ಬರುವ ಹುಡುಗರದ್ದೂ ಅದೇ ಪ್ರಶ್ನೆ, ಸ್ವಲ್ಪ ಗೇಲಿ ಬೆರೆಸಿ. ಹೌದು, ಶೇಕ್ ಆಗಿದೆ. ಫೋಕಸ್ ಕೂಡ ಮುಖದ ಮೇಲಿಲ್ಲ, ಬಳೆಗಳ ಮೇಲೆ ಕೂತಿದೆ.

ಅದು ಹೆಣ್ಣೊಪ್ಪಿಸುವ ಹೊತ್ತು. ಕಲ್ಯಾಣ ಮಂಟಪದಲ್ಲಿ ಕರೆಂಟ್ ಹೋಯಿತು. ಜನರೇಟರ್ ಶುರುವಾಗುವ ತನಕ ಇದ್ದದ್ದು ಎರಡು ದೀಪ, ಯಾರದೋ ಮೊಬೈಲ್ ಟಾರ್ಚು. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕನ್ನು ಹಿಡಿಯುವ ಸೂಕ್ಷ್ಮತೆ, 6400ಕ್ಕೆ ಏರಿಸಿದರೂ ಶಟರ್ 1/10 ಸೆಕೆಂಡಿಗಿಂತ ಬೇಗ ಮುಚ್ಚುವಂತಿರಲಿಲ್ಲ; ಅಷ್ಟರಲ್ಲಿ ಅಲುಗಿದ್ದೆಲ್ಲ ಶೇಕ್ ಆಗುತ್ತದೆ. ಫ್ಲ್ಯಾಶ್ ಹಾಕಬಹುದಿತ್ತು. ಹಾಕಿದ್ದರೆ ಎಲ್ಲರೂ ತಿರುಗಿ ನನ್ನ ಕಡೆ ನೋಡುತ್ತಿದ್ದರು. ಮಗಳ ಕೈಯನ್ನು ಅತ್ತೆಯ ಕೈಗೆ ಇಡುತ್ತಿದ್ದ ಅಪ್ಪನ ಕೈ ನಡುಗುತ್ತಿತ್ತು. ಫೋಟೋದಲ್ಲಿ ಅದು ಎರಡೆರಡಾಗಿ ಮೂಡಿದೆ. ಇಟ್ಟರೂ ಬಿಡಲಾಗದ ಕೈ.

ಕರೆಂಟ್ ಬಂತು. "ಯಜಮಾನ್ರೇ, ಇನ್ನೊಂದ್ಸಲ ಮಾಡಿ" ಅಂದೆ. ಪಾಪ, ಮಾಡಿದರು. ಈ ಸಲದ ಫೋಟೋ ಚೊಕ್ಕ. ಸೀರೆಯ ಜರಿ ಎಳೆಎಳೆಯಾಗಿ ಕಾಣುತ್ತದೆ, ಅಪ್ಪ ಕಣ್ಣೊರೆಸಿಕೊಂಡು ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ಆಲ್ಬಮ್ಮಿಗೆ ಅದನ್ನೇ ಹಾಕಿದೆ. ಕೊಟ್ಟ ವಾರದಲ್ಲೇ ಮದುಮಗಳ ಫೋನ್: "ಅಣ್ಣಾ, ಕರೆಂಟ್ ಹೋದಾಗ ಒಂದು ತೆಗೆದ್ರಲ್ಲ, ಅದೆಲ್ಲಿ?" ಅಳಿಸದೆ ಇಟ್ಟಿದ್ದು ನನ್ನ ಪುಣ್ಯ. ಅವಳಿಗೊಂದು ಪ್ರಿಂಟ್ ಹಾಕಿಸಿದೆ, ಅವಳನ್ನೇ ಕೇಳಿ ನನಗೊಂದು.

ಈ ಚೊಕ್ಕತನದ ಹುಚ್ಚು ದೊಡ್ಡವರನ್ನೂ ಬಿಟ್ಟಿಲ್ಲ. ಅಮೆರಿಕದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ 1936ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ, ತೆಗೆದ 'ಮೈಗ್ರೆಂಟ್ ಮದರ್' ಚಿತ್ರವನ್ನು ನೀವು ನೋಡಿರುತ್ತೀರಿ: ಕೆನ್ನೆಗೆ ಕೈಯಿಟ್ಟ ತಾಯಿ, ಆಚೀಚೆ ಮುಖ ತಿರುಗಿಸಿ ಒರಗಿದ ಇಬ್ಬರು ಮಕ್ಕಳು, ಮಡಿಲಲ್ಲಿ ಕೂಸು. ಮೂಲ ಚಿತ್ರದ ಕೆಳಗಿನ ಬಲ ಮೂಲೆಯಲ್ಲಿ ಡೇರೆಯ ಕಂಬ ಹಿಡಿದ ಹೆಬ್ಬೆರಳೊಂದಿತ್ತು. ಅದು ಲ್ಯಾಂಗ್ ಕಣ್ಣಿಗೆ ಚುಚ್ಚಿತು. ಕೆಲವು ವರ್ಷದ ಮೇಲೆ ನೆಗೆಟಿವ್‌ನಲ್ಲೇ ತಿದ್ದಿಸಿದರು. ಈಗಲೂ ಹುಡುಕಿದರೆ ಆ ಬೆರಳಿನ ಮಸುಕು ನೆರಳು ಸಿಗುತ್ತದೆ. ನಾನು ಹುಡುಕಿದ್ದೇನೆ. ಆದರೆ ಆ ತಾಯಿಯ ಹಣೆಯ ಗೆರೆ ನೋಡುತ್ತಾ ಮೂಲೆಯ ಬೆರಳಿಗಾಗಿ ಪರದಾಡುವವರು ನನ್ನಂಥ ಫೋಟೋಗ್ರಾಫರುಗಳು ಮಾತ್ರ.

ಹಾಗಂತ ಶೇಕ್ ಆದದ್ದೆಲ್ಲ ಭಾವವಲ್ಲ. ಒಂದು ಮದುವೆಯಿಂದ ನಾನೇ ನೂರಾರು ಅಳಿಸುತ್ತೇನೆ. ಗ್ರೂಪ್ ಫೋಟೋದಲ್ಲಿ ದೊಡ್ಡಮ್ಮ ಕಣ್ಣು ಮುಚ್ಚಿದ್ದರೆ ಯಾವ ಭಾವವೂ ನನ್ನನ್ನು ಕಾಪಾಡುವುದಿಲ್ಲ. ಹುಡುಗರಿಗೆ ಹೇಳುವುದು ಇಷ್ಟೇ: ಸೆಟ್ಟಿಂಗ್ಸ್ ಬೆರಳಿಗೆ ಬಾಯಿಪಾಠ ಆಗಲಿ. ಅವತ್ತು ಕತ್ತಲಲ್ಲಿ ನಾನು ಬಟನ್ ಹುಡುಕುತ್ತಾ ಕೂತಿದ್ದರೆ ಶೇಕ್ ಆದ ಫೋಟೋ ಕೂಡ ಸಿಗುತ್ತಿರಲಿಲ್ಲ.

ಇಷ್ಟೆಲ್ಲ ಕೇಳಿಸಿಕೊಂಡವರು ತಲೆಯಾಡಿಸುತ್ತಾರೆ. ಕೆಲವರ ಕಣ್ಣೂ ಒದ್ದೆಯಾಗುತ್ತದೆ. ಆಮೇಲೆ ಅಡ್ವಾನ್ಸ್ ಎಣಿಸುತ್ತಾ, "ನಮ್ಮದು ಮಾತ್ರ ಕ್ಲಿಯರ್ ಆಗಿ ಬರಲಿ ಸಾರ್" ಅನ್ನುತ್ತಾರೆ. ಆಗಲಿ ಅನ್ನುತ್ತೇನೆ. ಹೆಣ್ಣೊಪ್ಪಿಸುವಾಗ "ಇನ್ನೊಂದ್ಸಲ ಮಾಡಿ" ಅನ್ನುವುದನ್ನು ಮಾತ್ರ ಬಿಟ್ಟಿದ್ದೇನೆ.