ಪಾಲಿಸಿಯ 2,000 ರೂಪಾಯಿ ಮತ್ತು ಮಣಿಪಾಲದ ದಾರಿ

ಆರೋಗ್ಯ ವಿಮೆಯ ಪಾಲಿಸಿಯಲ್ಲಿ ಆಂಬುಲೆನ್ಸಿಗೆ ಸಿಗುವುದು ಒಂದೆರಡು ಸಾಲು. ಏಜೆಂಟರು ಅದನ್ನು ಓದಿ ಹೇಳುವುದೂ ಕಡಿಮೆ. ಬೆಂಗಳೂರಿನ ಜಯನಗರದವರಿಗೆ ಅದು ದೊಡ್ಡ ವಿಷಯವಲ್ಲ ಬಿಡಿ, ಎರಡು ಸಿಗ್ನಲ್ ದಾಟಿದರೆ ಆಸ್ಪತ್ರೆ. ನಮ್ಮ ಅಪ್ಪ-ಆಯಿ ಇರುವುದು ಕುಮಟಾದಲ್ಲಿ. ಅಲ್ಲಿನ ವಯಸ್ಸಾದವರಿಗೆ ವಿಮೆ ಮಾಡಿಸುವಾಗ ಮೊದಲು ನೋಡಬೇಕಾದ್ದೇ ಈ ಸಾಲು ಅಂತ ನನಗನ್ನಿಸುತ್ತದೆ.

ಉತ್ತರ ಕನ್ನಡದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ಆದರೂ ಹೃದಯದ್ದೋ ತಲೆಗೆ ಪೆಟ್ಟು ಬಿದ್ದದ್ದೋ ದೊಡ್ಡ ಕೇಸು ಅಂದರೆ ಗಾಡಿ ಮಣಿಪಾಲ, ಮಂಗಳೂರು, ಇಲ್ಲವೇ ಹುಬ್ಬಳ್ಳಿಯ ಕಡೆಗೇ ತಿರುಗುತ್ತದೆ. ಕುಮಟಾದಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗಿಂತ ಜಾಸ್ತಿ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ನಲ್ಲಿ ಮಳೆಗೆ ಜಾರಿ ಪಲ್ಟಿಯಾಗಿ ನಾಲ್ವರು ತೀರಿಕೊಂಡರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನುವ ಕೂಗು ಆಗ ಜೋರಾಯಿತು. ಆ ಕೂಗು ಇನ್ನೂ ಇದೆ.

ಹೋದ ಮಳೆಗಾಲದಲ್ಲಿ ಅಪ್ಪನಿಗೆ ರಾತ್ರಿ ಎದೆ ಹಿಡಿದುಕೊಂಡಿತು. ಆಯಿ 108ಕ್ಕೆ ಫೋನ್ ಮಾಡಿದಳು. ನಮ್ಮ ರಾಜ್ಯದಲ್ಲಿ ಈ 108 ಆಂಬುಲೆನ್ಸ್ ಸೇವೆ, ಅಂದರೆ ಆರೋಗ್ಯ ಕವಚ, ಶುರುವಾದದ್ದು 2008ರಲ್ಲಿ, ಒಂದು ಪೈಸೆ ಖರ್ಚಿಲ್ಲ. ಬಂದ ಹುಡುಗರು ದಾರಿಯಲ್ಲೇ ಆಕ್ಸಿಜನ್ ಹಾಕಿ ಹತ್ತಿರದ ಆಸ್ಪತ್ರೆಗೆ ತಲುಪಿಸಿದರು. ಇಸಿಜಿ ನೋಡಿದ ಡಾಕ್ಟರು, ತಡ ಮಾಡಬೇಡಿ, ಮಣಿಪಾಲಕ್ಕೆ ಕರ್ಕೊಂಡು ಹೋಗಿ ಅಂದರು. ಅಲ್ಲಿಂದ ಮುಂದೆ ಖಾಸಗಿ ಐಸಿಯು ಆಂಬುಲೆನ್ಸ್. ಗಾಡಿ ಖಾಲಿ ವಾಪಸ್ ಬರಬೇಕಲ್ಲ, ಹಾಗಾಗಿ ಹೋಗಿ-ಬರುವ ಕಿಲೋಮೀಟರು. ಆಕ್ಸಿಜನ್ನಿಗೆ ಬೇರೆ, ಜೊತೆಗೆ ಕೂರುವ ನರ್ಸಿಗೆ ಬೇರೆ. ಒಟ್ಟು 9,000 ಚಿಲ್ಲರೆ ಆಯಿತು. ಚೌಕಾಸಿ ಮಾಡುವ ಹೊತ್ತು ಅದಲ್ಲ, ಅಲ್ವಾ?

ಅಪ್ಪನದು ಆರೋಗ್ಯ ಸಂಜೀವಿನಿ ಪಾಲಿಸಿ. 2020ರ ಏಪ್ರಿಲ್‌ನಿಂದ ಎಲ್ಲ ಆರೋಗ್ಯ ವಿಮಾ ಕಂಪನಿಗಳೂ ಒಂದೇ ಷರತ್ತಿನಲ್ಲಿ ಇದನ್ನು ಮಾರಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿತ್ತು. 65 ತುಂಬುವ ಮೊದಲು ಸೇರಿಸಿದ್ದೆವು. ಒಳ್ಳೆಯ, ಸರಳ ಪಾಲಿಸಿ. ಆದರೆ ಅದರಲ್ಲಿ ಆಂಬುಲೆನ್ಸಿಗೆ ಒಂದು ಅಡ್ಮಿಷನ್ನಿಗೆ ಹೆಚ್ಚೆಂದರೆ 2,000 ರೂಪಾಯಿ, ಅದೂ ರಸ್ತೆ ಆಂಬುಲೆನ್ಸಿಗೆ ಮಾತ್ರ. ಹೊನ್ನಾವರ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಗಿದುಹೋಗುವ ದುಡ್ಡು.

ಆ 2,000 ಪಡೆಯುವುದೂ ಸಲೀಸಲ್ಲ. ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ಆದರೂ ಆಂಬುಲೆನ್ಸಿನವರಿಗೆ ಸಾಮಾನ್ಯವಾಗಿ ನಾವೇ ಕೈಯಿಂದ ಕೊಟ್ಟು, ಆಮೇಲೆ ಕ್ಲೇಮ್ ಹಾಕಬೇಕು. ನಮ್ಮ ಡ್ರೈವರ್ ಮೊದಲು ಬರೆದುಕೊಟ್ಟದ್ದು ಅಂಗೈಯಗಲದ ಚೀಟಿ, ಮೇಲೆ ಮೊತ್ತ ಬಿಟ್ಟರೆ ಏನಿಲ್ಲ. ಆಯಿ ಬಿಡಲಿಲ್ಲ. ನಲವತ್ತು ವರ್ಷ ಸೊಸೈಟಿ ಅಕೌಂಟ್ ಬರೆದವಳು. "ತಮ್ಮಾ, ಗಾಡಿ ನಂಬರ್ ಹಾಕು, ಇವರ ಹೆಸರು ಹಾಕು, ಎಲ್ಲಿಂದ ಎಲ್ಲಿಗೆ ಅಂತಾನೂ ಬರಿ ಮಾರಾಯ" ಅಂತ ಕ್ಯಾಶುವಾಲಿಟಿ ಬಾಗಿಲಲ್ಲೇ ನಿಂತು ಬರೆಸಿಕೊಂಡಳು. ವಿಮೆಯವರು ಕೇಳಿದ್ದೂ ಅದನ್ನೇ. ಜೊತೆಗೆ ಮೊದಲ ಆಸ್ಪತ್ರೆಯ ರೆಫರಲ್ ಪತ್ರ. ಈ ಚಿಕಿತ್ಸೆಗೆ ಇಲ್ಲಿ ಸೌಲಭ್ಯ ಇಲ್ಲ ಅನ್ನುವ ಮಾತು ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಇಲ್ಲದಿದ್ದರೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋದದ್ದು ನಿಮ್ಮ ಇಷ್ಟ ಅಂತ ಕ್ಲೇಮ್ ತಳ್ಳಿಬಿಡಬಹುದು.

ವಯಸ್ಸಾದವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಆಂಬುಲೆನ್ಸಿನ ದುಡ್ಡು ಅಡ್ಮಿಷನ್ನಿಗೆ ಅಂಟಿಕೊಂಡೇ ಬರುತ್ತದೆ. ಶುಗರ್ ಇಳಿದು ಎಚ್ಚರ ತಪ್ಪುತ್ತದೆ, ಗಾಬರಿಯಿಂದ ಆಂಬುಲೆನ್ಸ್ ಕರೆಯುತ್ತೇವೆ, ಕ್ಯಾಶುವಾಲಿಟಿಯಲ್ಲಿ ಗ್ಲೂಕೋಸ್ ಏರಿಸಿ ಮನೆಗೆ ಕಳಿಸುತ್ತಾರೆ. ಸಾಮಾನ್ಯ ಪಾಲಿಸಿಗಳಲ್ಲಿ 24 ಗಂಟೆ ಅಡ್ಮಿಟ್ ಆಗದಿದ್ದರೆ ಕ್ಲೇಮ್ ಇಲ್ಲ, ಹಾಗಾಗಿ ಆಂಬುಲೆನ್ಸಿಗೂ ಇಲ್ಲ. ಮನೆಗೆ ಬರುವ ದಾರಿಯದ್ದೂ ಇದೇ ಕಥೆ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಅಜ್ಜಿಯನ್ನು ಕಾರಿನಲ್ಲಿ ಕೂರಿಸಿ ಅಷ್ಟು ದೂರ ತರಲು ಆಗುವುದಿಲ್ಲ. ಸ್ಟ್ರೆಚರ್ ಇರುವ ಗಾಡಿಯೇ ಬೇಕು. ಅದು ತುರ್ತು ಅಲ್ಲವಂತೆ, ಸಾಮಾನ್ಯವಾಗಿ ನಮ್ಮ ಜೇಬಿನಿಂದಲೇ.

ಒಬ್ಬ ಏಜೆಂಟರು ಏರ್ ಆಂಬುಲೆನ್ಸ್ ಕವರ್ ಇರುವ ಪಾಲಿಸಿ ತೋರಿಸಿದರು. ಲಕ್ಷಗಟ್ಟಲೆ ಮಿತಿ, ನೋಡಲು ಚೆಂದ. ಕುಮಟಾದಲ್ಲಿ ಹೆಲಿಕಾಪ್ಟರ್ ಎಲ್ಲಿ ಇಳಿಸೋದು, ಮಣಕಿ ಮೈದಾನದಲ್ಲಾ ಅಂತ ಅಪ್ಪ ಕೇಳಿದ. ಏಜೆಂಟರು ನಕ್ಕು ಸುಮ್ಮನಾದರು. ನಮಗೆ ಬೇಕಾದದ್ದು ರಸ್ತೆ ಆಂಬುಲೆನ್ಸಿಗೆ ಮಿತಿ ಹಾಕದೆ ಆದ ಖರ್ಚನ್ನು ಕೊಡುವ ಪಾಲಿಸಿ. ಅಂಥವೂ ಮಾರುಕಟ್ಟೆಯಲ್ಲಿ ಇವೆ, ಪ್ರೀಮಿಯಂ ಜಾಸ್ತಿ. ದೊಡ್ಡ ಊರಿನ ಲೆಕ್ಕಕ್ಕೆ 2,000 ಇಟ್ಟವರು ಕರಾವಳಿಯ ಲೆಕ್ಕಕ್ಕೆ ಕಿಲೋಮೀಟರಿಗಿಷ್ಟು ಅಂತ ಯಾಕೆ ಇಡಬಾರದು?

ಈಗ ಮನೆಯ ಬಾಗಿಲ ಹಿಂದೆ ಒಂದು ಪ್ಲಾಸ್ಟಿಕ್ ಕವರ್ ನೇತಾಡುತ್ತಿದೆ. ಪಾಲಿಸಿ ಕಾರ್ಡಿನ ಜೆರಾಕ್ಸ್, ಆಧಾರ್, ಮಾತ್ರೆಗಳ ಪಟ್ಟಿ, ಹಳೆಯ ಇಸಿಜಿ, ಎರಡು ಆಂಬುಲೆನ್ಸ್ ಡ್ರೈವರುಗಳ ನಂಬರು ಅದರಲ್ಲಿವೆ. ಪಕ್ಕದ ಮನೆಯ ಗಣಪತಿ ಮಾವನಿಗೂ ಅದರ ಜಾಗ ಗೊತ್ತು. ನಮ್ಮ ಕೇರಿಯಲ್ಲಿ ಮುಕ್ಕಾಲು ಮನೆಯ ಮಕ್ಕಳು ನನ್ನ ಹಾಗೆ ಬೆಂಗಳೂರಲ್ಲಿ. ಗಾಡಿ ಹತ್ತಿಸುವವರು ಅಕ್ಕಪಕ್ಕದವರೇ.

ಆಯಿಗೆ 68. 2024ರ ಏಪ್ರಿಲ್‌ನಿಂದ 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಅನ್ನುವ ವಯಸ್ಸಿನ ತಡೆ ಹೋಗಿದೆ, ಹಾಗಾಗಿ ಅವಳಿಗೆ ಬೇರೆಯದೇ ನೋಡುತ್ತಿದ್ದೇನೆ. ಅಪ್ಪನದನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿದರೆ, ಅಂದರೆ ವರ್ಗಾಯಿಸಿದರೆ, ಹಳೆಯ ಕಾಯಿಲೆಗಳಿಗೆ ಕ್ಲೇಮ್ ಸಿಗಲು ಕಾಯುವ ಅವಧಿಯಲ್ಲಿ ಈಗಾಗಲೇ ಕಳೆದದ್ದು ಲೆಕ್ಕಕ್ಕೆ ಬರುತ್ತದೆ. ಆದರೆ ರಿನ್ಯೂವಲ್ ದಿನಕ್ಕೆ 45 ದಿನ ಮೊದಲೇ ಅರ್ಜಿ ಹಾಕಿರಬೇಕು, ಮತ್ತು ಹೃದಯದ ಕೇಸನ್ನು ಹೊಸ ಕಂಪನಿ ಒಪ್ಪಲೇಬೇಕು ಅಂತೇನಿಲ್ಲ. ಅಪ್ಪನ ರಿನ್ಯೂವಲ್ ಮಾರ್ಚ್ ಕೊನೆಗೆ. ಜನವರಿಯಲ್ಲಿ ಊರಿಗೆ ಹೋದಾಗ ಡಿಸ್ಚಾರ್ಜ್ ಸಮ್ಮರಿ ಸ್ಕ್ಯಾನ್ ಮಾಡಿಕೊಂಡು ಬರಬೇಕು.