ಕುಲುಕಬಾರದ ಬಾಟಲಿ

ಇವತ್ತು ಆಸ್ಪತ್ರೆಯಲ್ಲಿ ನರ್ಸ್ ಒಬ್ಬರು ಹಾವು ಕಚ್ಚಿದವರಿಗೆ ಕೊಡುವ ಔಷಧಿ ಕಲಸುತ್ತಿದ್ದರು. ಬಿಳಿ ಪುಡಿ, 10 ಎಂಎಲ್ ನೀರು. ಜೋರಾಗಿ ಕುಲುಕುವ ಹಾಗಿಲ್ಲ, ನೊರೆ ಬರುತ್ತದೆ. ಮೆಲ್ಲಗೆ ತಿರುಗಿಸುತ್ತಲೇ ಇರಬೇಕು. ಅದೂ ಒಂದು ಬಾಟಲಿಯಲ್ಲ, ಒಂದಾದ ಮೇಲೊಂದು. ಹಾಸಿಗೆಯಲ್ಲಿದ್ದವನ ಹೆಂಡತಿ ಆ ಕೈಯನ್ನೇ ನೋಡುತ್ತಿದ್ದಳು.

ಈ ಔಷಧಿಯನ್ನು ಲ್ಯಾಬ್‌ನಲ್ಲಿ ಹೇಗೆ ಪರೀಕ್ಷಿಸುತ್ತಾರೆ ಗೊತ್ತಾ? ಸಾಮಾನ್ಯವಾಗಿ ವಿಷ, ಔಷಧಿ ಎರಡನ್ನೂ ಮೊದಲೇ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಇಲಿಗೆ ಚುಚ್ಚುತ್ತಾರೆ. ಯಾವ ಹಾವು ಔಷಧಿ ಬೆರೆಸಿಕೊಂಡು ಬಂದು ಕಚ್ಚುತ್ತದೆ ಹೇಳಿ!

ಬೆಂಗಳೂರಿನ ಐಐಎಸ್‌ಸಿಯವರು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆ ಸೇರಿ 2024ರಲ್ಲಿ ಪ್ರಕಟಿಸಿದ ಕೆಲಸ ನನಗೆ ಇಷ್ಟವಾಗಿದ್ದು ಅದಕ್ಕೇ. ಈಗಿನ ಔಷಧಿಯ ಹಾಗೆ ಕುದುರೆ ರಕ್ತದಿಂದ ತೆಗೆದಿದ್ದಲ್ಲ, ಲ್ಯಾಬ್‌ನಲ್ಲೇ ತಯಾರಾದ ಮನುಷ್ಯರ ಆಂಟಿಬಾಡಿ, ಅಂದರೆ ವಿಷಕ್ಕೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನ್. ಅವರು ಇಲಿಗೆ ಮೊದಲು ವಿಷ ಕೊಟ್ಟರು. 10 ನಿಮಿಷ, 20 ನಿಮಿಷ ಕಾದು ಔಷಧಿ ಕೊಟ್ಟರು. ಆಗಲೂ ಅದು ಕೆಲಸ ಮಾಡಿತು. ಈಗಿನ ಕುದುರೆ ಔಷಧಿಯ ಶಕ್ತಿ ಬರೀ 10 ನಿಮಿಷ ತಡವಾಗಿದ್ದಕ್ಕೇ ಕುಗ್ಗಿಬಿಟ್ಟಿತ್ತು.

ಆದರೆ ಈ ಹೊಸ ಆಂಟಿಬಾಡಿ ನಾಗರಹಾವಿನಂಥವುಗಳ ನರಕ್ಕೆ ಹೊಡೆಯುವ ಒಂದು ಬಗೆಯ ವಿಷಕ್ಕೆ ಮಾತ್ರ, ಅದೂ ಇಲಿಗಳಲ್ಲಿ. ಕೊಳಕುಮಂಡಲದ ವಿಷ ರಕ್ತಕ್ಕೇ ಕೈ ಹಾಕುತ್ತದೆ, ಅದಕ್ಕೆ ಬೇರೆಯದೇ ಬೇಕು. ಹೊಲ ತೋಟದಲ್ಲಿ ಜಾಸ್ತಿ ಹೆದರಬೇಕಾದದ್ದು ಆ ಹಾವಿಗೇ ಅಲ್ವಾ.